ಹಳೆಯ ವ್ಯಾನು, ಉದ್ದನೆಯ ತಂತಿ: ಹ್ಯಾಮ್ ರೇಡಿಯೊ ಇಟ್ಟುಕೊಂಡು ಯುರೋಪ್ ಸುತ್ತುವುದು ಹೇಗೆ?

ಪ್ರತಿ ವರ್ಷ ಜೂನ್ ಕೊನೆಯ ಹೊತ್ತಿಗೆ ದಕ್ಷಿಣ ಜರ್ಮನಿಯ ಫ್ರೀಡ್ರಿಶ್‌ಹಾಫೆನ್ ಎಂಬ ಊರಿನಲ್ಲಿ ಹ್ಯಾಮ್ ರೇಡಿಯೊ ಮೇಳ ನಡೆಯುತ್ತದೆ. ಊರು ಬೋಡೆನ್ಸೀ ಸರೋವರದ ದಂಡೆಯ ಮೇಲಿದೆ. ಈ ಸರೋವರವನ್ನು ಲೇಕ್ ಕಾನ್‌ಸ್ಟನ್ಸ್ ಎಂದೂ ಕರೆಯುತ್ತಾರೆ. ಮೇಳದ ಮಳಿಗೆಗಳನ್ನು ನೋಡಿದ ಮೇಲೆ ಬಿಡಾರದ ಮೈದಾನಕ್ಕೂ ಒಂದು ಸುತ್ತು ಹೋಗಬೇಕು. ಅಲ್ಲಿ ಕ್ಯಾಂಪರ್ ವ್ಯಾನ್‌ಗಳು ಸಾಲಾಗಿ ನಿಂತಿರುತ್ತವೆ. ಮೂವತ್ತು ನಲವತ್ತು ವರ್ಷ ಹಳೆಯವೂ ಇರುತ್ತವೆ. ವ್ಯಾನಿನ ಪಕ್ಕ ಒಂದು ಕಂಬ, ಕಂಬದ ತುದಿಯಿಂದ ಇಳಿದ ತೆಳ್ಳನೆಯ ತಂತಿ, ಒಳಗೆ ಹೆಡ್‌ಫೋನ್ ಹಾಕಿ ಕೂತ ಒಬ್ಬ ಮನುಷ್ಯ.

ಈ ಹವ್ಯಾಸ ಹೇಗೆ ನಡೆಯುತ್ತದೆ, ಏನೇನು ಬೇಕು, ಎಷ್ಟು ಖರ್ಚು, ನಮ್ಮವರು ಮಾಡಬಹುದೇ ಎಂದು ಕೇಳುವವರಿಗಾಗಿ ಈ ಬರಹ.

ಕ್ಯಾಂಪರ್ ವ್ಯಾನ್ ಎಂದರೆ ಒಳಗೇ ಹಾಸಿಗೆ, ಒಲೆ, ಪುಟ್ಟ ಸಿಂಕ್ ಇರುವ ಗಾಡಿ. ಹ್ಯಾಮ್ ರೇಡಿಯೊ ಎಂದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ಸ್ವಂತ ಸೆಟ್‌ನಿಂದ ಇತರ ಹವ್ಯಾಸಿಗಳ ಜೊತೆ ಮಾತಾಡುವುದು. ಇದರಲ್ಲಿ ವ್ಯಾಪಾರ ಮಾಡುವಂತಿಲ್ಲ, ಹಾಡು ಬಿತ್ತರಿಸುವಂತಿಲ್ಲ. ಪ್ರತಿಯೊಬ್ಬರಿಗೂ ಒಂದು ಕಾಲ್‌ಸೈನ್ ಇರುತ್ತದೆ. ಅದು ಸರ್ಕಾರ ಕೊಡುವ ಗುರುತು. ಅಕ್ಷರವೂ ಅಂಕಿಯೂ ಸೇರಿದ ಆ ಗುರುತಿನ ಮೊದಲ ಭಾಗ ನೋಡಿದರೆ ಯಾವ ದೇಶದವರೆಂದು ತಿಳಿಯುತ್ತದೆ. ನಮ್ಮವು ಹೆಚ್ಚಾಗಿ ವಿಯು2, ವಿಯು3 ಎಂದು ಶುರುವಾಗುತ್ತವೆ.

ಕೈಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಏಕೆ? ಅಗತ್ಯವೇನೂ ಇಲ್ಲ. ಮೀನು ಮಾರುಕಟ್ಟೆಯಲ್ಲಿ ಸಿಗುತ್ತದೆ, ಆದರೂ ಕೆಲವರು ಕೆರೆ ದಂಡೆಯಲ್ಲಿ ಗಾಳ ಹಾಕಿ ಕೂರುತ್ತಾರಲ್ಲ, ಇದೂ ಹಾಗೆ. ಯಾರು ಸಿಗುತ್ತಾರೆ, ಎಲ್ಲಿಂದ ಸಿಗುತ್ತಾರೆ ಎಂದು ಮೊದಲೇ ಗೊತ್ತಿರುವುದಿಲ್ಲ. ಜೊತೆಗೆ ವ್ಯಾನಿನವರಿಗೆ ಇನ್ನೊಂದು ಅನುಕೂಲವಿದೆ. ನಗರದ ಅಪಾರ್ಟ್‌ಮೆಂಟಿನಲ್ಲಿ ಆಂಟೆನಾ ಕಟ್ಟಲು ಜಾಗವೂ ಇಲ್ಲ, ಸಂಘದವರ ಒಪ್ಪಿಗೆಯೂ ಇಲ್ಲ. ನಾಲ್ಕೂ ಕಡೆಯ ವಿದ್ಯುತ್ ಉಪಕರಣಗಳ ಗದ್ದಲ ಬೇರೆ. ಸರೋವರದ ದಂಡೆಯ ಬಯಲಲ್ಲಿ ಈ ಮೂರು ತೊಂದರೆಯೂ ಇಲ್ಲ.

ಎಲ್ಲಕ್ಕಿಂತ ಮೊದಲು ಕಾಗದಪತ್ರ. ಒಂದು ದೇಶ ಕೊಟ್ಟ ಪರವಾನಗಿ ಇನ್ನೊಂದು ದೇಶದಲ್ಲಿ ನಡೆಯುತ್ತದೆಯೇ? ಯುರೋಪಿನ ಹೆಚ್ಚಿನ ದೇಶಗಳ ನಡುವೆ ನಡೆಯುತ್ತದೆ. ಅಲ್ಲಿನ ಅಂಚೆ ಮತ್ತು ದೂರಸಂಪರ್ಕ ಇಲಾಖೆಗಳ ಒಕ್ಕೂಟಕ್ಕೆ ಸೆಪ್ಟ್ ಎಂದು ಹೆಸರು. 1985ರಲ್ಲಿ ಅದು ಟಿ/ಆರ್ 61-01 ಎಂಬ ಶಿಫಾರಸು ಹೊರಡಿಸಿತು. ಇದನ್ನು ಜಾರಿಗೆ ತಂದ ದೇಶವೊಂದರಲ್ಲಿ ಪೂರ್ಣ ದರ್ಜೆಯ ಪರವಾನಗಿ ಇದ್ದವರು, ಇದನ್ನು ಒಪ್ಪಿದ ಮತ್ತೊಂದು ದೇಶಕ್ಕೆ ಪ್ರವಾಸ ಹೋದಾಗ ಬೇರೆ ಅರ್ಜಿ ಹಾಕಬೇಕಿಲ್ಲ. ಮೂರು ತಿಂಗಳವರೆಗೆ ಅಲ್ಲಿ ಸೆಟ್ ಬಳಸಬಹುದು. ಮೂಲ ಪರವಾನಗಿ ಜೊತೆಗಿರಬೇಕು. ಯಾವ ಬ್ಯಾಂಡ್, ಎಷ್ಟು ಶಕ್ತಿ ಎಂಬುದಕ್ಕೆಲ್ಲ ಹೋದ ದೇಶದ ನಿಯಮವೇ ಅನ್ವಯ. ಬ್ಯಾಂಡ್ ಎಂದರೆ ಹವ್ಯಾಸಿಗಳಿಗೆ ಬಿಟ್ಟುಕೊಟ್ಟ ತರಂಗಗಳ ಪಟ್ಟಿ.

ಕಾಲ್‌ಸೈನ್ ಹೇಳುವ ಕ್ರಮವೂ ಬದಲಾಗುತ್ತದೆ. ಬೋಡೆನ್ಸೀ ಸುತ್ತಲಿನ ಪ್ರದೇಶ ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನ ಪರವಾನಗಿ ಇದ್ದವರೊಬ್ಬರು ಫ್ರೀಡ್ರಿಶ್‌ಹಾಫೆನ್‌ನಲ್ಲಿ ಇದ್ದಾರೆ ಎನ್ನಿ. ಅವರು ತಮ್ಮ ಕಾಲ್‌ಸೈನ್‌ಗೆ ಮೊದಲು ಡಿಎಲ್ ಎಂದು ಸೇರಿಸಿ, ನಡುವೆ ಒಂದು ಓರೆಗೆರೆ ಹಾಕಬೇಕು. ಬಾಯಲ್ಲಿ ಆ ಗೆರೆಯನ್ನು ಸ್ಟ್ರೋಕ್ ಎನ್ನುತ್ತಾರೆ. ಸರೋವರದ ಪೂರ್ವ ತುದಿಯ ಬ್ರೆಗೆನ್ಸ್ ತಲುಪಿದರೆ ಆಸ್ಟ್ರಿಯ. ಅಲ್ಲಿ ಮುಂದೆ ಬರಬೇಕಾದ್ದು ಓಇ. ರೈನ್ ನದಿ ದಾಟಿದರೆ ಸ್ವಿಟ್ಜರ್ಲೆಂಡ್, ಎಚ್‌ಬಿ9. ದಕ್ಷಿಣಕ್ಕೆ ಇನ್ನಷ್ಟು ದೂರ ಹೋದರೆ ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ದೇಶ, ಎಚ್‌ಬಿ0. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಸಂಜೆಯೊಳಗೆ ನಾಲ್ಕು ಹೆಸರಲ್ಲಿ ಮಾತಾಡಬಹುದು. ನಿಂತ ವ್ಯಾನಿನಿಂದಾದರೆ ಕೊನೆಗೆ ಪಿ ಸೇರಿಸುತ್ತಾರೆ, ಓಡುವ ಗಾಡಿಯಿಂದಾದರೆ ಎಂ. ಲಿಕ್ಟನ್‌ಸ್ಟೈನಿನ ವಿಸ್ತೀರ್ಣ 160 ಚದರ ಕಿಲೋಮೀಟರ್ ಮಾತ್ರ. ಅಲ್ಲಿನ ಹವ್ಯಾಸಿಗಳು ಬೆರಳೆಣಿಕೆಯಷ್ಟು ಇರುವುದರಿಂದ ಎಚ್‌ಬಿ0 ಎಂದು ಕರೆದರೆ ಸಾಕು, ಉತ್ತರ ಕೊಡಲು ಜನ ಮುಗಿಬೀಳುತ್ತಾರೆ. ಊರಿನಲ್ಲಿ ಯಾರೂ ಕಿವಿಗೊಡದ ಸಣ್ಣ ಸೆಟ್ಟಿಗೆ ಅಲ್ಲಿ ದೊಡ್ಡ ಮರ್ಯಾದೆ.

ಎಲ್ಲ ದರ್ಜೆಗೂ ಈ ಸೌಲಭ್ಯ ಇಲ್ಲ ಎಂಬುದನ್ನು ಗಮನಿಸಿ. ಬ್ರಿಟನ್ನಿನಲ್ಲಿ ಫೌಂಡೇಷನ್, ಇಂಟರ್‌ಮೀಡಿಯೆಟ್, ಫುಲ್ ಎಂಬ ಮೂರು ಮೆಟ್ಟಿಲುಗಳಿವೆ. ಫುಲ್ ಇದ್ದವರಿಗೆ ಮಾತ್ರ ಸೆಪ್ಟ್ ಅನುಕೂಲ. ಜರ್ಮನಿಯಲ್ಲಿ ಎ ದರ್ಜೆಯವರಿಗೆ ಪೂರ್ಣ ಸೌಲಭ್ಯ; ಇ ದರ್ಜೆಯವರಿಗೆ ನಾವಿಸ್, ಅಂದರೆ ಹೊಸಬರ ಮಟ್ಟದ ಬೇರೆ ಶಿಫಾರಸು ಇದೆ, ಅದನ್ನು ಎಲ್ಲ ದೇಶಗಳೂ ಒಪ್ಪಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಒಂದು ವಿಷಯ ನೆನಪಿಡಬೇಕು. ಅಲ್ಲಿ ವಿದೇಶಿಯರೂ ಪರೀಕ್ಷೆ ಬರೆದು ಪರವಾನಗಿ ಪಡೆಯಬಹುದು. ಆದರೆ ಆ ಪರವಾನಗಿಯಿಂದ ಯುರೋಪಿನಲ್ಲಿ ಸೆಪ್ಟ್ ಸೌಲಭ್ಯ ಬೇಕಾದರೆ ಅಮೆರಿಕದ ಪೌರತ್ವ ಇರಬೇಕು. ಎಚ್1 ವೀಸಾದಲ್ಲಿ ಇರುವವರಿಗೆ ಸಿಗುವುದಿಲ್ಲ.

ಭಾರತದ ಪರವಾನಗಿ? ಸೆಪ್ಟ್ ಶಿಫಾರಸನ್ನು ಒಪ್ಪಿದ ದೇಶಗಳಲ್ಲಿ ಭಾರತ ಇಲ್ಲ. ಹಾಗಾಗಿ ವಿಯು ಕಾಲ್‌ಸೈನ್ ಇಟ್ಟುಕೊಂಡು ಹೋಗಿ ಸೀದಾ ಮಾತಾಡುವಂತಿಲ್ಲ. ಹೋಗುವ ದೇಶದ ದೂರಸಂಪರ್ಕ ಇಲಾಖೆಗೆ ಮುಂಚಿತವಾಗಿ ಬರೆದು, ನಿಮ್ಮ ಪರವಾನಗಿಯ ಪ್ರತಿ ಕಳಿಸಿ, ಅತಿಥಿ ಪರವಾನಗಿ ಸಿಗುತ್ತದೆಯೇ ಎಂದು ಕೇಳಬೇಕು. ಜರ್ಮನಿಯಲ್ಲಿ ಈ ಕೆಲಸ ಬುಂಡೆಸ್‌ನೆಟ್ಸ್‌ಅಗೆಂಟೂರ್ ಎಂಬ ಇಲಾಖೆಯದು, ಬ್ರಿಟನ್ನಿನಲ್ಲಿ ಆಫ್‌ಕಾಮ್‌ನದು. ನಾಲ್ಕು ದೇಶಕ್ಕೆ ನಾಲ್ಕು ಅರ್ಜಿ. ಬೇಸರದ ಕೆಲಸ, ನಿಜ. ಅಲ್ಲೇ ನೌಕರಿಯಲ್ಲಿ ಇರುವವರಾದರೆ ಸ್ಥಳೀಯ ಪರೀಕ್ಷೆ ಬರೆಯುವುದೇ ಸಲೀಸು. ಬ್ರಿಟನ್ನಿನ ಪರೀಕ್ಷೆಯನ್ನು ಆರ್‌ಎಸ್‌ಜಿಬಿ ಎಂಬ ಹವ್ಯಾಸಿಗಳ ಸಂಘ ನಡೆಸುತ್ತದೆ; ಮನೆಯಿಂದಲೇ ಆನ್‌ಲೈನಿನಲ್ಲಿ ಬರೆಯಬಹುದು.

ಇನ್ನು ಗಾಡಿ. ಹಳೆಯ ವ್ಯಾನ್ ಎಂದರೆ ಹೆಚ್ಚಿನವರ ಕಣ್ಣಮುಂದೆ ಬರುವುದು ಫೋಕ್ಸ್‌ವ್ಯಾಗನ್. ದುಂಡು ಮುಖದ ಮೊದಲೆರಡು ಮಾದರಿಗಳು ಈಗ ಸಂಗ್ರಾಹಕರ ವಸ್ತುಗಳಾಗಿವೆ. ರಸ್ತೆಗೆ ಇಳಿಸಲು ಒಗ್ಗುವುದು ಮೂರನೆಯದು. ಟಿ3 ಎಂದು ಕರೆಯುವ ಚೌಕ ಮುಖದ ಈ ಗಾಡಿ 1979ರಿಂದ 1990ರವರೆಗೆ ಜರ್ಮನಿಯಲ್ಲಿ ತಯಾರಾಯಿತು. ವೆಸ್ಟ್‌ಫಾಲಿಯಾ ಎಂಬ ಕಂಪನಿ ಅದಕ್ಕೆ ಹಾಸಿಗೆ, ಒಲೆ, ಮೇಲೆತ್ತುವ ಛಾವಣಿ ಕೂರಿಸಿ ಕ್ಯಾಂಪರ್ ಮಾಡುತ್ತಿತ್ತು. ಎಂಜಿನ್ ಹಿಂದೆ ಇದೆ. ನೀರಿನಿಂದ ತಣಿಯುವ ಮಾದರಿಗಳಲ್ಲಿ ರೇಡಿಯೇಟರ್ ಮುಂದಿದೆ. ಹಾಗಾಗಿ ನೀರಿನ ಪೈಪುಗಳು ಗಾಡಿಯ ಉದ್ದಕ್ಕೂ ಹೊಟ್ಟೆಯ ಕೆಳಗೆ ಓಡುತ್ತವೆ. ಕೊಳ್ಳುವ ಮುಂಚೆ ಮಲಗಿ ಇಣುಕಿ ನೋಡಿ, ಅವು ತುಕ್ಕು ಹಿಡಿದಿವೆಯೇ ಎಂದು. ಪೆಟ್ರೋಲ್ ಗಾಡಿಯಾದರೆ ಇಂಧನದ ರಬ್ಬರ್ ಪೈಪುಗಳನ್ನು ಕೈಯಲ್ಲಿ ಬಾಗಿಸಿ ನೋಡಿ. ಬಿರುಕು ಕಂಡರೆ ಬದಲಾಯಿಸದೆ ಗಾಡಿ ಸ್ಟಾರ್ಟ್ ಮಾಡಬೇಡಿ. ಈ ವ್ಯಾನುಗಳಿಗೆ ಬೆಂಕಿ ಹತ್ತುವುದಕ್ಕೆ ಒಂದು ಮುಖ್ಯ ಕಾರಣ ಇದೇ. ಎಥನಾಲ್ ಬೆರೆಸಿದ ಈಗಿನ ಪೆಟ್ರೋಲು ಹಳೆಯ ರಬ್ಬರನ್ನು ಬೇಗ ಹಾಳುಮಾಡುತ್ತದೆ. ಕೈಗೆಟಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಇಷ್ಟು ಹಳೆಯ ಗಾಡಿ ಏಕೆ, ಹೊಸದನ್ನೇ ತೆಗೆದುಕೊಳ್ಳಬಾರದೇ ಎಂದು ನೀವು ಕೇಳಬಹುದು. ರೇಡಿಯೊ ದೃಷ್ಟಿಯಿಂದ ಹೇಳುವುದಾದರೆ ಹಳೆಯದೇ ವಾಸಿ. ಹೊಸ ವ್ಯಾನಿನಲ್ಲಿ ಹತ್ತಾರು ಪುಟ್ಟ ಕಂಪ್ಯೂಟರುಗಳಿವೆ. ಅವು ಸೂಕ್ಷ್ಮ ತರಂಗಗಳನ್ನು ಉಗುಳುತ್ತಲೇ ಇರುತ್ತವೆ. ಸೆಟ್‌ನಲ್ಲಿ ಅದು ಕರಕರ ಸದ್ದಾಗಿ ಕೇಳುತ್ತದೆ. ಹಳೆಯ ಡೀಸೆಲ್ ಗಾಡಿಯಲ್ಲಿ ಕಂಪ್ಯೂಟರೂ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ. ಟಿ3ಯ 1.6 ಲೀಟರ್ ಡೀಸೆಲ್ ಎಂಜಿನ್ನಿಗೆ ಇರುವುದು 50 ಕುದುರೆ ಶಕ್ತಿ. ಆಲ್ಪ್ಸ್ ಘಾಟಿಯಲ್ಲಿ ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ರೇಡಿಯೊ ಕೇಳುವುದಕ್ಕೆ ಮಾತ್ರ ಅಂಥ ನಿಶ್ಶಬ್ದ ಗಾಡಿ ಇನ್ನೊಂದಿಲ್ಲ. ಒಂದೇ ತೊಡಕು, ಜರ್ಮನಿಯ ಹಲವು ನಗರಗಳ ಒಳಗೆ ಹಸಿರು ಸ್ಟಿಕ್ಕರ್ ಇಲ್ಲದ ಗಾಡಿ ಹೋಗುವಂತಿಲ್ಲ, ಹಳೆಯ ಡೀಸೆಲ್‌ಗೆ ಅದು ಸಿಗುವುದಿಲ್ಲ. ಮೂವತ್ತು ವರ್ಷ ದಾಟಿ, ಸುಸ್ಥಿತಿಯಲ್ಲಿದ್ದು, ಎಚ್ ಎಂದು ಕೊನೆಯಾಗುವ ಪಾರಂಪರಿಕ ನಂಬರ್ ಪ್ಲೇಟ್ ಪಡೆದ ಗಾಡಿಗೆ ವಿನಾಯಿತಿ ಇದೆ.

ಈಗ ಆಂಟೆನಾ. ಹಣ, ಸಮಯ ಎರಡನ್ನೂ ಹೆಚ್ಚು ಹಾಕಬೇಕಾದ್ದು ಇಲ್ಲಿಯೇ. ತತ್ವ ಸರಳ. ಮುನ್ನೂರನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದ ಉದ್ದ ಮೀಟರಿನಲ್ಲಿ ಬರುತ್ತದೆ. ಹವ್ಯಾಸಿಗಳು ಹೆಚ್ಚು ಬಳಸುವ 14 ಮೆಗಾಹರ್ಟ್ಸ್ ಸುಮಾರು 20 ಮೀಟರ್ ತರಂಗ. ಡೈಪೋಲ್ ಎಂಬ ಮೂಲ ಆಂಟೆನಾ ಅದರ ಅರ್ಧ ಉದ್ದ ಇರಬೇಕು, ಅಂದರೆ ಸುಮಾರು 10 ಮೀಟರ್. ನಡುವೆ ಕತ್ತರಿಸಿ, ಎರಡೂ ಕಡೆ ಐದೈದು ಮೀಟರ್. 7 ಮೆಗಾಹರ್ಟ್ಸ್‌ಗೆ ಇದರ ಎರಡರಷ್ಟು. ವ್ಯಾನಿನ ಉದ್ದವೇ ನಾಲ್ಕೂವರೆ ಮೀಟರ್. ಹಾಗಾದರೆ ಇಷ್ಟುದ್ದದ ತಂತಿ ಎಲ್ಲಿ ಹಾಕುವುದು?

ಚಲಿಸುವಾಗ ಬಳಸಲು ಗಿಡ್ಡ ಕಡ್ಡಿ ಆಂಟೆನಾ ಸಿಗುತ್ತದೆ. ಉದ್ದದ ಕೊರತೆಯನ್ನು ಬುಡದಲ್ಲಿ ಅಥವಾ ನಡುವೆ ಸುತ್ತಿದ ಕಾಯಿಲ್ ತುಂಬಿಸುತ್ತದೆ. ಕೆಲಸ ಮಾಡುತ್ತದೆ, ಆದರೆ ಸೋರಿಕೆ ಬಹಳ. 7 ಮೆಗಾಹರ್ಟ್ಸ್‌ನಲ್ಲಿ 100 ವ್ಯಾಟ್ ಕೊಟ್ಟರೆ ಬಹುಪಾಲು ಕಾಯಿಲ್‌ನಲ್ಲೂ ನೆಲದಲ್ಲೂ ಬಿಸಿಯಾಗಿ ಹೋಗಿ, ಆಕಾಶಕ್ಕೆ ಏರುವುದು ಕೆಲವೇ ವ್ಯಾಟ್. ಇನ್ನೊಂದು ವಿಚಾರ: ವೆಸ್ಟ್‌ಫಾಲಿಯಾ ವ್ಯಾನಿನ ಎತ್ತುವ ಛಾವಣಿ ಫೈಬರ್‌ಗ್ಲಾಸಿನದು. ಆಯಸ್ಕಾಂತದ ಬುಡವಿರುವ ಆಂಟೆನಾ ಅದಕ್ಕೆ ಅಂಟುವುದಿಲ್ಲ. ಆದರೆ ಆ ಕಾಲದ ಗಾಡಿಗಳಿಗೆ ಛಾವಣಿಯ ಅಂಚಿನಲ್ಲಿ ಮಳೆನೀರು ಹರಿಯಲು ತಗಡಿನ ದೋಣಿ ಇರುತ್ತದೆ. ಹೊಸ ವ್ಯಾನುಗಳಲ್ಲಿ ಇದು ಇಲ್ಲ. ಆ ಅಂಚಿಗೆ ಕ್ಲಾಂಪ್ ಹಾಕಿ ಬಿಗಿದರೆ ಆಂಟೆನಾ ಗಟ್ಟಿಯಾಗಿ ನಿಲ್ಲುತ್ತದೆ. ಕ್ಲಾಂಪಿನ ಸ್ಕ್ರೂ ತಾಗುವ ಜಾಗದಲ್ಲಿ ಬಣ್ಣ ಕೆರೆದು ಬರಿ ಲೋಹ ಕಾಣುವಂತೆ ಮಾಡಿ, ಕೆಲಸ ಮುಗಿದ ಮೇಲೆ ಗ್ರೀಸ್ ಸವರಿ. ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಕಾರ್ ಪಾರ್ಕಿಂಗಿನ ಬಾಗಿಲಿನ ಎರಡು ಮೀಟರಿನ ಅಡ್ಡಪಟ್ಟಿ ಕಂಡಾಗ ತಲೆಯ ಮೇಲೆ ಕಡ್ಡಿ ಇದೆ ಎಂಬುದು ನೆನಪಿರಲಿ.

ನಿಂತಾಗ ಮಾತ್ರ ಪೂರ್ಣ ಉದ್ದದ ತಂತಿಯನ್ನೇ ಹಾಕಿ. ಇದಕ್ಕೆ ಮೀನು ಹಿಡಿಯುವ ಕೋಲಿನಂತೆ ಒಂದರೊಳಗೊಂದು ಸೇರುವ 10 ಮೀಟರಿನ ಫೈಬರ್‌ಗ್ಲಾಸ್ ಕಂಬ ಸಿಗುತ್ತದೆ. ಮಡಿಸಿದರೆ ವ್ಯಾನಿನೊಳಗೆ ಹಿಡಿಸುತ್ತದೆ. ಕಂಬ ನಿಲ್ಲಿಸಲು ನೆಲ ಅಗೆಯಬೇಕಿಲ್ಲ. ಒಂದು ಕಬ್ಬಿಣದ ಹಲಗೆ, ಅದರ ತುದಿಗೆ ಬೆಸೆದ ಕೊಳವೆ. ಹಲಗೆಯ ಮೇಲೆ ವ್ಯಾನಿನ ಚಕ್ರ ಹತ್ತಿಸಿ ನಿಲ್ಲಿಸಿದರೆ ಕಂಬ ಅಲುಗುವುದಿಲ್ಲ. ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುತ್ತಾರೆ. ಕಂಬದ ತುದಿಗೆ ಡೈಪೋಲಿನ ನಡುಭಾಗ ಕಟ್ಟಿ, ಎರಡು ತೋಳುಗಳನ್ನು ಓರೆಯಾಗಿ ಇಳಿಸಿ ಗೂಟಕ್ಕೆ ಬಿಗಿಯಿರಿ. ಒಬ್ಬರೇ ಮಾಡಬಹುದು. ಹತ್ತಿರ ವಿದ್ಯುತ್ ತಂತಿ ಇದ್ದರೆ ಆ ಜಾಗವೇ ಬೇಡ. ಗುಡುಗು ಕೇಳಿದ ಕೂಡಲೇ ಕಂಬ ಇಳಿಸಿ, ಸೆಟ್‌ನಿಂದ ಕೇಬಲ್ ಕಳಚಿ. ಬೇಸಿಗೆಯ ಸಂಜೆ ಆಲ್ಪ್ಸ್ ತಪ್ಪಲಿನಲ್ಲಿ ಗುಡುಗು ಮಳೆ ಮಾಮೂಲು.

ತಂತಿಯಿಂದ ಹೊರಟ ಸಣ್ಣ ಶಕ್ತಿ ಸಾವಿರಾರು ಕಿಲೋಮೀಟರ್ ಹೋಗುವುದು ಹೇಗೆ? ಭೂಮಿಯ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳ ಎಂಬ ಪದರವಿದೆ. ಸೂರ್ಯನ ಕಿರಣ ಅಲ್ಲಿನ ಗಾಳಿಯನ್ನು ವಿದ್ಯುದಂಶವುಳ್ಳದ್ದಾಗಿ ಮಾಡುತ್ತದೆ. ತರಂಗ ಅಲ್ಲಿಗೆ ಹೋಗಿ ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. 7 ಮೆಗಾಹರ್ಟ್ಸ್ ಹಗಲಲ್ಲಿ ಕೆಲವು ನೂರು ಕಿಲೋಮೀಟರ್ ಒಳಗಿನವರ ಜೊತೆ ಮಾತಿಗೆ ಚೆನ್ನ, ಕತ್ತಲಾದಂತೆ ದೂರ ಬೆಳೆಯುತ್ತದೆ. 14 ಮೆಗಾಹರ್ಟ್ಸ್ ಹಗಲಲ್ಲೇ ಖಂಡ ದಾಟಿಸುತ್ತದೆ. ಜರ್ಮನಿಯ ಮಧ್ಯಾಹ್ನ ಎಂದರೆ ನಮ್ಮ ಸಂಜೆ. ಬೆಂಗಳೂರಿನ ಹವ್ಯಾಸಿಗಳು ಯುರೋಪಿನ ಕಡೆ ಕಿವಿಗೊಡಲು ಅದು ಒಳ್ಳೆಯ ಹೊತ್ತು. ಹತ್ತಿರದ ಹರಟೆಗೆ ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ ಸಾಕು. ಯುರೋಪಿನಲ್ಲಿ ಎಫ್ಎಂ ವಿಧಾನದಲ್ಲಿ ಪರಸ್ಪರ ಕರೆಯುವ ಜಾಗ 145.500 ಮೆಗಾಹರ್ಟ್ಸ್.

ವಿದ್ಯುತ್ತಿನ ಲೆಕ್ಕ ಹೆದರುವಂಥದ್ದಲ್ಲ. 100 ವ್ಯಾಟಿನ ಸೆಟ್ ಸುಮ್ಮನೆ ಕೇಳುವಾಗ ಸುಮಾರು 1 ಆಂಪಿಯರ್ ಎಳೆಯುತ್ತದೆ, ಪೂರ್ಣ ಶಕ್ತಿಯಲ್ಲಿ ಕಳಿಸುವಾಗ 20ರ ಆಸುಪಾಸು. ಮಾತಿನ ನಡುವೆ ಬಿಡುವು ಇರುವುದರಿಂದ ಸರಾಸರಿ 10 ಎಂದು ಹಿಡಿಯಿರಿ. ಮೂರು ಗಂಟೆ ಕೂತು ಐದರಲ್ಲಿ ಒಂದು ಪಾಲು ಸಮಯ ಮಾತಾಡಿದರೆ ಒಟ್ಟು ಎಂಟೊಂಬತ್ತು ಆಂಪಿಯರ್ ಅವರ್. ವ್ಯಾನಿನ ಫ್ರಿಜ್ಜು ಒಂದು ದಿನಕ್ಕೆ ಇದಕ್ಕಿಂತ ಹೆಚ್ಚು ತಿನ್ನುತ್ತದೆ. ಟಿ3ಯಲ್ಲಿ ಒಂದು ಬ್ಯಾಟರಿ ಮುಂದಿನ ಪಕ್ಕದ ಸೀಟಿನ ಕೆಳಗೆ ಇರುತ್ತದೆ, ಅದು ಎಂಜಿನ್ನಿಗೆ. ಚಾಲಕನ ಸೀಟಿನ ಕೆಳಗೆ ಇನ್ನೊಂದಕ್ಕೆ ಜಾಗವಿದೆ, ಅದು ಮನೆಬಳಕೆಗೆ. ನಡುವೆ ಒಂದು ರಿಲೇ ಹಾಕಿರುತ್ತಾರೆ. ಎಂಜಿನ್ ಓಡುವಾಗ ಮಾತ್ರ ಎರಡನ್ನೂ ಜೋಡಿಸುವ ಸ್ವಿಚ್ಚು ಅದು. ಇದರಿಂದ ರಾತ್ರಿ ಎಷ್ಟು ಹರಟಿದರೂ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತದೆ. ಸೆಟ್‌ನ ತಂತಿಯನ್ನು ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಚುಚ್ಚಬೇಡಿ. ಅಷ್ಟು ಕರೆಂಟ್ ಅದು ತಾಳುವುದಿಲ್ಲ. ದಪ್ಪ ತಂತಿಯಲ್ಲಿ ನೇರ ಬ್ಯಾಟರಿಯಿಂದ ಎಳೆದು, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಹಾಕಿ.

ಸೋಲಾರ್ ಹಾಕುವವರಿಗೆ ಒಂದು ಮಾತು. ಪ್ಯಾನೆಲ್ ಸೆಟ್‌ನಲ್ಲಿ ಗದ್ದಲ ಎಬ್ಬಿಸುವುದಿಲ್ಲ, ಅದರ ಜೊತೆ ಬರುವ ಅಗ್ಗದ ಚಾರ್ಜ್ ಕಂಟ್ರೋಲರ್ ಎಬ್ಬಿಸುತ್ತದೆ. ಅಗ್ಗದ ಎಲ್ಇಡಿ ದೀಪ, ಇನ್ವರ್ಟರ್, ಲ್ಯಾಪ್‌ಟಾಪ್ ಚಾರ್ಜರ್ ಎಲ್ಲವೂ ಹಾಗೆಯೇ. ಪತ್ತೆ ಹಚ್ಚುವುದು ಸುಲಭ: ಸೆಟ್ ಹಚ್ಚಿ, ಒಂದೊಂದೇ ಆರಿಸುತ್ತಾ ಬನ್ನಿ. ಯಾವುದು ಆರಿದಾಗ ಗುಂಯ್‌ಗುಡುವುದು ನಿಂತಿತೋ ಅದೇ ಕಳ್ಳ. ತಂತಿಗೆ ಫೆರೈಟ್ ಎಂಬ ಕಪ್ಪು ಉಂಗುರ ಸಿಕ್ಕಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ.

ರಾತ್ರಿ ಎಲ್ಲಿ ನಿಲ್ಲುವುದು? ಜರ್ಮನಿಯಲ್ಲಿ ಸ್ಟೆಲ್‌ಪ್ಲಾಟ್ಸ್ ಎಂಬ ವ್ಯಾನ್ ತಂಗುದಾಣಗಳಿವೆ, ಫ್ರಾನ್ಸಿನಲ್ಲಿ ಅವಕ್ಕೆ ಏರ್ ಎನ್ನುತ್ತಾರೆ. ಕ್ಯಾಂಪ್‌ಸೈಟಿಗಿಂತ ಅಗ್ಗ, ಆದರೆ ಒತ್ತೊತ್ತಾಗಿ ನಿಲ್ಲಿಸಬೇಕು. ತಂತಿಗೆ ಜಾಗ ಸಾಲದು. ಜರ್ಮನಿಯಲ್ಲಿ ಸಾರ್ವಜನಿಕ ಪಾರ್ಕಿಂಗಿನಲ್ಲಿ ದಣಿವಾರಿಸಿಕೊಳ್ಳಲು ಒಂದು ರಾತ್ರಿ ಮಲಗಿದರೆ ಸಾಮಾನ್ಯವಾಗಿ ತಕರಾರಿಲ್ಲ. ಕುರ್ಚಿ, ಮೇಜು ಹೊರಗಿಟ್ಟರೆ ಅದು ಬಿಡಾರ ಹೂಡಿದಂತೆ. ಹತ್ತು ಮೀಟರ್ ಕಂಬ ಎತ್ತಿದರೆ ಕೇಳುವುದೇ ಬೇಡ. ಆದ್ದರಿಂದ ರೇಡಿಯೊ ಸಂಜೆಗಳಿಗೆ ಕ್ಯಾಂಪ್‌ಸೈಟೇ ಸರಿ. ಅಂಚಿನ ಜಾಗ ಕೇಳಿ, ಕಂಬದ ವಿಷಯ ಮೊದಲೇ ಹೇಳಿ. ತಂತಿಯ ಕೆಳತುದಿಗೆ ಬಣ್ಣದ ಬಟ್ಟೆ ಕಟ್ಟಿ, ಮಕ್ಕಳು ಓಡಾಡುತ್ತಿರುತ್ತಾರೆ. ರಾತ್ರಿ ಹತ್ತರ ಮೇಲೆ ಹೆಡ್‌ಫೋನ್ ಕಡ್ಡಾಯ ಎಂದುಕೊಳ್ಳಿ. ಹೊರಗಿನ ನೆರೆಯವರಿಗಿಂತ ಒಳಗೆ ಮಲಗಿದವರ ಶಾಪ ದೊಡ್ಡದು.

ಖರ್ಚಿಗೆ ಬರೋಣ. ಸುಸ್ಥಿತಿಯ ವೆಸ್ಟ್‌ಫಾಲಿಯಾ ಟಿ3ಗೆ 15,000 ಯೂರೊ ದಾಟುವುದು ಸಾಮಾನ್ಯ. ಹೆಸರಿಗೆ ಕೊಡುವ ದುಡ್ಡೇ ಅದರಲ್ಲಿ ಬಹಳ. ತೊಂಬತ್ತರ ದಶಕದ ಫಿಯಟ್ ಡುಕಾಟೊ ಕ್ಯಾಂಪರ್ ನೋಡಲು ಡಬ್ಬಿಯಂತಿದ್ದರೂ ಕಡಿಮೆಗೆ ಸಿಗುತ್ತದೆ, ಎದ್ದು ನಿಂತು ಅಡುಗೆ ಮಾಡಬಹುದು. ನನ್ನ ಓಟು ಅದಕ್ಕೇ. ಒಂದೆರಡು ವಾರಕ್ಕಾದರೆ ಕೊಳ್ಳಲೇಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಭಾರತದಿಂದ ಹೋಗುವವರು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್ ಮಾಡಿಸಿಕೊಳ್ಳಬೇಕು. ಗಾಡಿಯ ಒಟ್ಟು ತೂಕ 3.5 ಟನ್ ಒಳಗಿರಲಿ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ವರ್ಷದ ಸುಂಕ 40 ಫ್ರಾಂಕ್. ಆಸ್ಟ್ರಿಯದಲ್ಲೂ ಸುಂಕದ ಚೀಟಿ ಬೇಕು, ಆದರೆ ಜರ್ಮನ್ ಗಡಿಯಿಂದ ಹೊಹೆನೆಮ್ಸ್‌ವರೆಗಿನ ಎ14 ರಸ್ತೆಗೆ 2019ರ ಡಿಸೆಂಬರ್‌ನಿಂದ ವಿನಾಯಿತಿ ಇದೆ. ಬೋಡೆನ್ಸೀ ಸುತ್ತುವವರಿಗೆ ಅದೇ ದಾರಿ.

ಸೆಟ್‌ಗಳಲ್ಲಿ ಯಾಸು ಕಂಪನಿಯ ಎಫ್‌ಟಿ-891 ನೂರು ವ್ಯಾಟಿನದು, ಗಾಡಿಗೆಂದೇ ಮಾಡಿದ್ದು. ಐಕಾಮ್ ಐಸಿ-705 ಹತ್ತೇ ವ್ಯಾಟ್, ಬೆಲೆ ಮಾತ್ರ ಎಫ್‌ಟಿ-891ರ ದುಪ್ಪಟ್ಟಿನ ಹತ್ತಿರ. ಬೆನ್ನ ಚೀಲಕ್ಕೆ ಹಾಕಿ ಬೆಟ್ಟ ಹತ್ತುವವರಿಗೆ ಅದು ಸರಿ. ವ್ಯಾನಿಗೆ ಮೊದಲನೆಯದು ಸಾಕು. ಫ್ರೀಡ್ರಿಶ್‌ಹಾಫೆನ್ ಮೇಳದಲ್ಲಿ ಹಳೆಯ ಸಾಮಾನಿನ ಸಂತೆಯೇ ಒಂದು ಹಾಲ್ ತುಂಬ ಇರುತ್ತದೆ. ಅಲ್ಲಿ ಬಳಸಿದ ಸೆಟ್ಟು, ಕಂಬ, ಕೇಬಲ್ ಎಲ್ಲ ಸಿಗುತ್ತವೆ. ದೊಡ್ಡ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವ ಯೋಚನೆ ಬಿಡಿ. 160 ವ್ಯಾಟ್ ಅವರ್ ಮೀರಿದ್ದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಹಾಗೆಯೇ ಅಲ್ಲಿ ಕೊಂಡ ಸೆಟ್ಟನ್ನು ಭಾರತಕ್ಕೆ ತರಲು ಇಲ್ಲಿನ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಕಸ್ಟಮ್ಸ್‌ನಲ್ಲಿ ನಿಂತು ವಾದ ಮಾಡಿ ಪ್ರಯೋಜನ ಇಲ್ಲ.

ಇಷ್ಟಕ್ಕೂ ಈ ಹವ್ಯಾಸ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಯುರೋಪಿಗೆ ಹೋಗಬೇಕಿಲ್ಲ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಇಟ್ಟಿರುವ ವೆಬ್ಎಸ್‌ಡಿಆರ್ ಎಂಬ ರಿಸೀವರನ್ನು ಯಾರು ಬೇಕಾದರೂ ಇಂಟರ್‌ನೆಟ್ ಮೂಲಕ ಬಿಟ್ಟಿಯಾಗಿ ತಿರುಗಿಸಿ ಕೇಳಬಹುದು. ಸಂಜೆ 14 ಮೆಗಾಹರ್ಟ್ಸ್‌ಗೆ ಇಟ್ಟು ಕೂತರೆ ಓರೆಗೆರೆ, ಪಿ ಸೇರಿದ ಕಾಲ್‌ಸೈನುಗಳು ಕಿವಿಗೆ ಬೀಳುತ್ತವೆ. ಪರವಾನಗಿ ಬೇಕೆನಿಸಿದರೆ ಭಾರತದಲ್ಲಿ ಹನ್ನೆರಡು ತುಂಬಿದವರು ಯಾರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಿಲ್ಲ, ಜನರಲ್ ದರ್ಜೆಗೆ ಬೇಕು. ಬೆಂಗಳೂರಿನವರು ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್‌ನವರನ್ನು ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಪರೀಕ್ಷೆ, ಫಲಿತಾಂಶ, ಕಾಗದಪತ್ರಗಳ ಕೆಲಸ ಮುಗಿದು ಕಾಲ್‌ಸೈನ್ ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅತಿಥಿ ಪರವಾನಗಿಯ ಅರ್ಜಿ ಅದಾದ ಮೇಲೆ. ಮುಂದಿನ ಜೂನ್‌ಗೆ ಹೊರಡುವ ಮನಸ್ಸಿದ್ದರೆ ವ್ಯಾನಿನ ಜಾಹೀರಾತು ನೋಡುವುದನ್ನು ಸದ್ಯಕ್ಕೆ ಬದಿಗಿಟ್ಟು, ಈ ವಾರವೇ ಪರೀಕ್ಷೆಗೆ ಅರ್ಜಿ ಹಾಕಿ.